ಶುಕ್ರನ ಹರಳು, ಏಳು ಬಣ್ಣದ ಬೆರಗು!

ಸಿನಿಮಾದವರ ಬೆರಳು ನೋಡಿದ್ದೀರಾ ಓದುಗರೇ? ಮುಖ ನೋಡೋಕೇ ಹೊತ್ತು ಸಾಲದು, ಬೆರಳು ಯಾರು ನೋಡ್ತಾರೆ ಅಂತೀರಾ? ನಾನು ನೋಡ್ತೀನಿ! ಕಲೆಗೆ, ರೂಪಕ್ಕೆ ಶುಕ್ರನೇ ಅಧಿಪತಿ ಎನ್ನುತ್ತದೆ ಜ್ಯೋತಿಷ್ಯ. ಅವನ ರತ್ನ ವಜ್ರ. ವಜ್ರಕ್ಕೆ ಕಾಸಿಲ್ಲದವರಿಗೆ ಉಪರತ್ನ ಓಪಲ್. ಬೆಳ್ಳಿಯಲ್ಲಿ ಕಟ್ಟಿಸಿ, ಶುಕ್ರವಾರ ಹಾಲಿನಲ್ಲಿ ಅದ್ದಿ ತೊಡಬೇಕಂತೆ. ಯೂರೋಪಿನಲ್ಲೋ ಇದೇ ಕಲ್ಲು ಅನಿಷ್ಟ! 1829ರಲ್ಲಿ ಬಂದ ವಾಲ್ಟರ್ ಸ್ಕಾಟ್‌ನ ಒಂದು ಕಾದಂಬರಿ ಓದಿದವರು ಓಪಲ್ ಕಂಡರೆ ಹೆದರತೊಡಗಿದರಂತೆ.

ಹಾಲಿನಂಥ ಬಿಳುಪಿನೊಳಗೆ ನವಿಲುಗರಿಯ ಹಸಿರು, ಕೆಂಡದ ಕೆಂಪು... ಕೊಂಚ ತಿರುಗಿಸಿದರೆ ಕೆಂಪು ಮಾಯ, ನೀಲಿ ಹಾಜರ್! ಈ ಬಣ್ಣದ ಬೆನ್ನು ಹತ್ತಿದವರಲ್ಲಿ ನಮ್ಮ ಬೆಂಗಳೂರಿನ ಸರ್ ಸಿ.ವಿ. ರಾಮನ್ ಒಬ್ಬರು. ತಾವೇ ಕಟ್ಟಿದ ಸಂಸ್ಥೆಯಲ್ಲಿ ಎ. ಜಯರಾಮನ್ ಜತೆಗೂಡಿ 1953ರಲ್ಲಿ ಓಪಲ್ ಬಗ್ಗೆ ಬರೆದರು. ಮುತ್ತು, ಚಂದ್ರಕಾಂತ ಶಿಲೆ ಯಾವುದನ್ನೂ ಅವರು ಬಿಟ್ಟವರಲ್ಲ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಳಗುಟ್ಟು ಕಂಡರು: ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗೋಲಿಗಳು, ಅಂಗಡಿಯಲ್ಲಿ ಕಿತ್ತಳೆ ಪೇರಿಸಿದ ಹಾಗೆ ಸಾಲುಸಾಲು. ಆ ಸಾಲುಗಳಲ್ಲಿ ಬೆಳಕು ಒಡೆದು ಬಣ್ಣವಾಗುತ್ತದೆ. ಹರಳಿಗೆ ಸ್ವಂತ ಬಣ್ಣವೇ ಇಲ್ಲ, ನಮ್ಮ ಬೆಳ್ಳಿತೆರೆಯ ಥರ!

ಮೊನ್ನೆ ತಿಲಕ್ ನಗರದಲ್ಲಿ ಹರಳು ಕಟ್ಟುವ ಸಾಹೇಬರ ಪುಟ್ಟ ಅಂಗಡಿಯಲ್ಲಿ ಕೂತಿದ್ದೆ. ಡ್ಯಾನ್ಸ್ ಗ್ರೂಪಿನ ಹುಡುಗಿಯೊಬ್ಬಳು ಬಂದಳು. ಹತ್ತಾರು ಚಿತ್ರಗಳಲ್ಲಿ ನಾಯಕಿಯ ಹಿಂದೆ ಮೂರನೇ ಸಾಲಿನಲ್ಲಿ ಕುಣಿದವಳು, ಮುಖ ಯಾರಿಗೂ ನೆನಪಿಲ್ಲ. ಜೋಯಿಸರ ಮಾತು ಕೇಳಿ ಅಮ್ಮನ ಓಲೆ ಅಡವಿಟ್ಟು ಎಂಟು ಸಾವಿರಕ್ಕೆ ಓಪಲ್ ತಂದಿದ್ದಳು. ನನಗೆ ಹೊಟ್ಟೆ ಉರಿಯಿತು, ಸುಮ್ಮನಿದ್ದೆ.

ಸಾಹೇಬರು ಹರಳನ್ನು ಅಡ್ಡ ಹಿಡಿದು ನೋಡಿದರು. ಕಪ್ಪು ತಳಕ್ಕೆ ತೆಳು ಓಪಲ್ ಅಂಟಿಸಿ ಮಾರುವವರಿದ್ದಾರಲ್ಲ, ಪಕ್ಕದಿಂದ ಗೆರೆ ಕಾಣುತ್ತದೆ. "ಅಂಟು ಇಲ್ಲ, ಅಸಲಿ ಮಾಲು. ಇಥಿಯೋಪಿಯಾದ್ದು," ಅಂದರು. ಅಲ್ಲಿನ ವೊಲೊ ಪ್ರಾಂತ್ಯದಲ್ಲಿ 2008ರಲ್ಲಿ ಸಿಕ್ಕ ಈ ಜಾತಿಯ ಹರಳು ಸ್ಪಂಜಿನ ಹಾಗೆ ನೀರು ಹೀರುತ್ತದೆ. ನೆನೆದರೆ ಬಣ್ಣ ಮಂಕು, ಒಣಗಿದರೆ ವಾಪಸ್.

"ಆದರೆ ಹಾಲಲ್ಲಿ ಅದ್ದಬೇಡ ಬೇಟಿ. ಒಳಗೆ ಇಳಿದರೆ ಕಲೆ ಕೂತುಬಿಡುತ್ತೆ."

ಹುಡುಗಿ ಗಾಬರಿಯಾದಳು. "ಮತ್ತೆ ಪೂಜೆ, ಸಾಹೇಬ್ರೇ?"

"ದೇವರ ಮುಂದೆ ಇಟ್ಟು ಬೆರಳಿಗೆ ಹಾಕ್ಕೋ. ಹಾಲು ನೀನು ಕುಡಿ. ಕುಣಿಯೋದು ನೀನು ತಾನೇ?"