ತಪ್ಪು ಮಾಡದವನಿಗೆ ಭಯವೇಕೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ವಸತಿ ಸಮುಚ್ಚಯದ ಮನೆಯೊಂದರಲ್ಲಿ ಕಳವಾಯಿತು. ಮರುದಿನ ಇಬ್ಬರು ಪೊಲೀಸರು ಬಂದು, ‘ಒಮ್ಮೆ ಠಾಣೆಗೆ ಬಂದು ಹೋಗು’ ಎಂದು ಕಾವಲುಗಾರನನ್ನು ಕರೆದರು. ಆತ ನನ್ನ ಮುಖ ನೋಡಿದ. ‘ತಪ್ಪು ಮಾಡದವನಿಗೆ ಭಯವೇಕೆ? ಇದ್ದದ್ದನ್ನು ಹೇಳಿ ಬಾರಪ್ಪ’ ಎಂದೆ. ಬೆಳಿಗ್ಗೆ ಹೋದವನು ಮರಳಿದ್ದು ರಾತ್ರಿ. ಏನು ಬರೆದಿತ್ತೆಂದು ತಿಳಿಯದ ಹಾಳೆಗೆ ಸಹಿ ಹಾಕಿ ಬಂದಿದ್ದ. ಕಳ್ಳ ಮುಂದೆ ಬೇರೆಡೆ ಸಿಕ್ಕಿಬಿದ್ದ. ಅಷ್ಟರಲ್ಲಿ ನಮ್ಮವರೇ ಈತನನ್ನು ಕೆಲಸದಿಂದ ಬಿಡಿಸಿಯಾಗಿತ್ತು. ನನ್ನ ಸಲಹೆ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಹಾಗಾದರೆ ನಿರಪರಾಧಿಗಳು ತನಿಖೆಗೆ ಸಹಕರಿಸಬಾರದೇ? ಖಂಡಿತ ಸಹಕರಿಸಬೇಕು. ಕಂಡವರೆಲ್ಲ ಬಾಯಿ ಮುಚ್ಚಿಕೊಂಡರೆ ನೊಂದವರಿಗೆ ನ್ಯಾಯ ಸಿಗುವುದೆಂತು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಪ್ರಕರಣದ ಸಂಗತಿ ಬಲ್ಲವರು ಹಾಜರಾಗಿ ನಿಜ ನುಡಿಯಬೇಕೆಂದೇ ಹೇಳುತ್ತದೆ.

ಆದರೆ ಅದೇ ಕಾನೂನು ಎಳೆದಿರುವ ಗೆರೆಗಳನ್ನು ನಾವು ಓದುವುದಿಲ್ಲ. ಸಾಕ್ಷಿಯನ್ನು ಲಿಖಿತ ಆದೇಶದ ಮೂಲಕ ಕರೆಸಬೇಕು. ಮಹಿಳೆಯರು, 15 ವರ್ಷದೊಳಗಿನವರು, 60 ದಾಟಿದವರು ಠಾಣೆಗೆ ಹೋಗಬೇಕಿಲ್ಲ. ಅವರಿದ್ದಲ್ಲಿಗೇ ಬಂದು ವಿಚಾರಿಸಬೇಕು. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕುವಂತಿಲ್ಲ. ತನ್ನನ್ನೇ ಅಪರಾಧಕ್ಕೆ ಸಿಲುಕಿಸಬಹುದಾದ ಪ್ರಶ್ನೆಗೆ ಉತ್ತರಿಸಬೇಕಿಲ್ಲ. ಇವುಗಳಲ್ಲಿ ಬಹುಪಾಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದ್ದವು.

ಆರೋಪಿಯನ್ನು ಆತನ ವಿರುದ್ಧವೇ ಸಾಕ್ಷಿ ನುಡಿಯಲು ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಸಾರುತ್ತದೆ. ಈ ರಕ್ಷಣೆ ಪೊಲೀಸ್ ವಿಚಾರಣೆಯ ಹಂತಕ್ಕೂ ಅನ್ವಯಿಸುತ್ತದೆಂದು 1978ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಸಲ್ಲದೆಂದು 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿತು. ಮಾಜಿ ಮುಖ್ಯಮಂತ್ರಿಗೆ ವಕೀಲರಿದ್ದರು. ನಮ್ಮ ಕಾವಲುಗಾರನಿಗೆ ಇದ್ದದ್ದು ನನ್ನ ಸಲಹೆ ಮಾತ್ರ.

ವಕೀಲರನ್ನು ಕೇಳಿದರೆ, ನೋಟಿಸ್ ಕೇಳಿದರೆ ಅನುಮಾನ ಹೆಚ್ಚುವುದಿಲ್ಲವೇ ಎನ್ನುವವರಿದ್ದಾರೆ. ನಿಜ, ಹೆಚ್ಚಬಹುದು. ಆದರೆ ಪ್ರಾಮಾಣಿಕನ ನೆನಪೂ ತಪ್ಪುತ್ತದೆ. ಬಾಗಿಲು ಮುಚ್ಚಿದ್ದು ಒಂಬತ್ತಕ್ಕೋ ಹತ್ತಕ್ಕೋ ಎಂಬ ತಡವರಿಕೆಯೇ ಸುಳ್ಳಿನಂತೆ ಕಾಣಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸಬಾರದೆಂದು ಶಾಸನವೇ ಎಚ್ಚರ ವಹಿಸಿರುವಾಗ, ಜನಸಾಮಾನ್ಯರ ಎಚ್ಚರವನ್ನು ಅಪರಾಧವೆಂದು ಬಗೆಯುವುದು ಯಾವ ನ್ಯಾಯ? ಕಾನೂನಿನಂತೆ ಕರೆದು ಗೌರವದಿಂದ ಮಾತನಾಡಿಸುವ ಠಾಣೆಗೆ ಜನ ತಾವಾಗಿಯೇ ಬರುತ್ತಾರೆ. ಸಹಕಾರವನ್ನು ಬೇಡುವ ಇಲಾಖೆ ಮೊದಲು ವಿಶ್ವಾಸವನ್ನು ಗಳಿಸಬೇಕು.

ತಪ್ಪು ಮಾಡದವನಿಗೆ ಭಯ ಬೇಡ, ಎಚ್ಚರ ಬೇಕು. ಅಂದಿನ ಆ ಕಾವಲುಗಾರ ಇಂದು ಮತ್ತೆ ನನ್ನ ಮುಖ ನೋಡಿದರೆ ಹೇಳುವುದಿಷ್ಟೆ: ‘ಇರಪ್ಪ, ಮೊದಲು ನೋಟಿಸ್ ಕೇಳೋಣ. ಆಮೇಲೆ ನಿನ್ನ ಜೊತೆ ನಾನೂ ಬರುತ್ತೇನೆ’.