ವಾಟ್ಸಾಪಿಗೆ ಬೀಗ ಹಾಕುವುದು ಹೇಗೆ?



ಮೊದಲೆಲ್ಲ ಬೊಂಬಾಯಿಯಿಂದಲೋ ಗಲ್ಫಿನಿಂದಲೋ ಗಂಡನ ಕಾಗದ ಬಂದರೆ ಓದಿಸಲಿಕ್ಕೆ ಪಕ್ಕದ ಮನೆಗೆ ಹೋಗಬೇಕಿತ್ತು. ಓದಿಕೊಟ್ಟವರಿಗೆ ಮನೆಯ ಗುಟ್ಟೆಲ್ಲ ಗೊತ್ತಾಗುತ್ತಿತ್ತು. "ಟೀಚರೇ, ನಾನು ಅಕ್ಷರ ಕಲಿಯಲಿಕ್ಕೆ ಬಂದದ್ದೇ ಅದಕ್ಕೆ" ಅಂತ ನಮ್ಮ ತರಗತಿಯ ಒಬ್ಬರು ಅಮ್ಮ ಹೇಳಿದ್ದುಂಟು. ಈಗ ಕಾಗದ ಇಲ್ಲ, ವಾಟ್ಸಾಪ್ ಉಂಟು. ಗುಟ್ಟು ಮಾತ್ರ ಈಗಲೂ ಉಂಟಲ್ಲ? ಅದನ್ನು ಕಾಯುವುದು ಹೇಗೆ ಅಂತ ನೋಡುವ.

ನೀವು ಕಾಸರಗೋಡಿನಿಂದ ದುಬಾಯಿಗೆ ಒಂದು ಸಂದೇಶ ಕಳಿಸುತ್ತೀರಿ. ಅದು ನೇರ ಆ ಫೋನಿಗೆ ಹೋಗುವುದಿಲ್ಲ. ನಡುವೆ ಕಂಪೆನಿಯ ದೊಡ್ಡ ಕಂಪ್ಯೂಟರ್ ಉಂಟು. ಅದಕ್ಕೆ ಸರ್ವರ್ ಅನ್ನುತ್ತಾರೆ. ಅದು ಅಂಚೆ ಕಚೇರಿ ಇದ್ದ ಹಾಗೆ. ಪೋಸ್ಟ್ ಕಾರ್ಡ್ ಬರೆದರೆ ಅಂಚೆಯವರೂ ಓದಬಹುದು. ಇನ್‌ಲ್ಯಾಂಡ್ ಕಾಗದವಾದರೆ ಅಂಟು ಬಿಡಿಸದೆ ಓದಲಿಕ್ಕಾಗುವುದಿಲ್ಲ. 2016ರ ಏಪ್ರಿಲ್‌ನಿಂದ ವಾಟ್ಸಾಪಿನ ಎಲ್ಲ ಮಾತುಕತೆಗೂ ಇಂಥ ಅಂಟು ಬಂದಿದೆ. ನಿಮ್ಮ ಫೋನಿನಲ್ಲೇ ಸಂದೇಶಕ್ಕೆ ಬೀಗ ಬೀಳುತ್ತದೆ. ತೆರೆಯುವ ಕೀಲಿಕೈ ಅದನ್ನು ಪಡೆಯುವವರ ಫೋನಿನಲ್ಲಿ ಮಾತ್ರ ಇರುತ್ತದೆ. ನಡುವಿನ ಸರ್ವರಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಇದಕ್ಕೆ ಎನ್‌ಕ್ರಿಪ್ಶನ್ ಅಂತ ಹೆಸರು.

ಇದನ್ನು ನೀವು ಆನ್ ಮಾಡಬೇಕಾಗಿಲ್ಲ, ಆಗಿಯೇ ಇದೆ. ನೋಡಬೇಕಾದರೆ ಮಾತುಕತೆಯ ಮೇಲೆ ಇರುವ ಹೆಸರನ್ನು ಒತ್ತಿ, 'ಎನ್‌ಕ್ರಿಪ್ಶನ್' ಅನ್ನುವಲ್ಲಿ ಒತ್ತಿ. 60 ಅಂಕೆಗಳ ಒಂದು ಸಂಖ್ಯೆ ಕಾಣುತ್ತದೆ. ಆಚೆಯವರ ಫೋನಿನಲ್ಲೂ ಅದೇ ಸಂಖ್ಯೆ ಇದ್ದರೆ ಬೀಗ ಸರಿ ಇದೆ. ಆದರೆ ಕಾಗದದ ಮೇಲಿನ ವಿಳಾಸ ಅಂಚೆಯವರಿಗೆ ಕಾಣುವ ಹಾಗೆ, ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನುವುದು ಸರ್ವರಿಗೆ ಕಾಣುತ್ತದೆ. ಟೆಲಿಗ್ರಾಮ್ ಬೇರೆ ತರ. ಅದರಲ್ಲಿ 'ಸೀಕ್ರೆಟ್ ಚಾಟ್' ಮಾಡಿದರೆ ಮಾತ್ರ ಇಂಥ ಬೀಗ. ಮಾಮೂಲಿ ಮಾತುಕತೆ, ಗುಂಪು ಇವಕ್ಕೆಲ್ಲ ಅದು ಇಲ್ಲ.

ಹಾಗಾದರೆ ಹೆದರಲಿಕ್ಕೆ ಎಂತ ಉಂಟು? ಕೇಳಿ. ನಮ್ಮ ತರಗತಿಯ ಬೀಡಿ ಕಟ್ಟುವ ಒಬ್ಬರು ಅಕ್ಕನಿಗೆ ಗುರುತಿನವರ ನಂಬರಿನಿಂದ ಸಂದೇಶ ಬಂತು: "ತಪ್ಪಿ ನಿಮ್ಮ ಫೋನಿಗೆ ಆರು ಅಂಕೆ ಬಂದಿದೆ, ಸ್ವಲ್ಪ ಕಳಿಸಿ." ಅಕ್ಕನಿಗೆ ಖುಷಿ. ಯಾರ ಸಹಾಯವೂ ಇಲ್ಲದೆ ಆರೂ ಅಂಕೆ ಓದಿ, ಒತ್ತಿ ಕಳಿಸಿದರು. ಐದು ನಿಮಿಷದಲ್ಲಿ ಅವರ ವಾಟ್ಸಾಪ್ ಬೇರೆಯವರ ಕೈಗೆ ಹೋಯಿತು. ಆ ಕಳ್ಳ ಅಕ್ಕನ ಹೆಸರಿನಲ್ಲಿ ಸಂಘದ ಗುಂಪಿನಲ್ಲಿ ಹಣ ಕೇಳಿದ. ನೆರೆಮನೆಯವರು ಪಾಪ, ಮೂರು ಸಾವಿರ ಕಳಿಸಿಯೇ ಬಿಟ್ಟರು. ಅಕ್ಕ ಎರಡು ವಾರ ತರಗತಿಗೆ ಬರಲಿಲ್ಲ. ತಪ್ಪು ಅವರದ್ದಲ್ಲ, ನಮ್ಮದು. ಅಂಕೆ ಓದಲಿಕ್ಕೆ ಕಲಿಸಿದೆವು, ಯಾವ ಅಂಕೆಯನ್ನು ಯಾರಿಗೂ ಕೊಡಬಾರದು ಅಂತ ಕಲಿಸಿರಲಿಲ್ಲ.

ಎಸ್ಸೆಮ್ಮೆಸ್ಸಿನಲ್ಲಿ ಬರುವ ಆ ಆರು ಅಂಕೆಯೇ ನಿಮ್ಮ ಮನೆ ಬಾಗಿಲು. ಅದಕ್ಕೆ ಒಳಗಿನಿಂದ ಇನ್ನೊಂದು ಚಿಲಕ ಹಾಕಬಹುದು. ಸೆಟ್ಟಿಂಗ್ಸ್ ತೆರೆಯಿರಿ. 'ಅಕೌಂಟ್' ಒತ್ತಿ. ಅದರಲ್ಲಿ 'ಟೂ ಸ್ಟೆಪ್ ವೆರಿಫಿಕೇಶನ್' ಉಂಟು. ಅಲ್ಲಿ ನಿಮ್ಮದೇ ಆರು ಅಂಕೆಯ ಪಿನ್ ಹಾಕಿ. 123456 ಬೇಡ, ಹುಟ್ಟಿದ ತಾರೀಕೂ ಬೇಡ. ಇನ್ನು ಕಳ್ಳನಿಗೆ ಎಸ್ಸೆಮ್ಮೆಸ್ಸಿನ ಅಂಕೆ ಸಿಕ್ಕಿದರೂ ಪಿನ್ ಇಲ್ಲದೆ ಒಳಗೆ ಬರಲಿಕ್ಕಾಗದು.

ಖಾತೆ ಕಳವಾಗಿಯೇ ಹೋಯಿತು ಅಂತಿಟ್ಟುಕೊಳ್ಳಿ. ನಿಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆದು ನಿಮ್ಮ ನಂಬರ್ ಹಾಕಿ, ಹೊಸದಾಗಿ ಬರುವ ಆರು ಅಂಕೆ ಒತ್ತಿ. ಆಗ ಕಳ್ಳ ಹೊರಗೆ ಬೀಳುತ್ತಾನೆ. ಅವನು ತನ್ನ ಪಿನ್ ಇಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ, ಹೇಳಲಿಕ್ಕೆ ಸ್ವಲ್ಪ ಸಂಕೋಚ. ಫೋನ್ ಸರಿ ಮಾಡಿಕೊಡುವ ಮನೆಯವರೇ ನಿಮ್ಮ ಮಾತು ಓದುತ್ತಿರಬಹುದು. ಮೂರು ಚುಕ್ಕಿ ಒತ್ತಿ 'ಲಿಂಕ್ಡ್ ಡಿವೈಸಸ್' ನೋಡಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರೋ ಫೋನೋ ಅಲ್ಲಿ ಇದ್ದರೆ ಅದನ್ನು ಒತ್ತಿ 'ಲಾಗ್ ಔಟ್' ಮಾಡಿ. ಇಂಥ ಕಡೆ ಎನ್‌ಕ್ರಿಪ್ಶನ್ ಏನೂ ಮಾಡದು, ಯಾಕೆಂದರೆ ಕೀಲಿಕೈ ಆಗಲೇ ಅವರ ಕೈಯಲ್ಲಿ ಉಂಟು.

ಮತ್ತೆ 'ಪ್ರೈವಸಿ'ಗೆ ಬನ್ನಿ. ನಿಮ್ಮ ಫೋಟೋ, ನೀವು ಕೊನೆಗೆ ನೋಡಿದ ಹೊತ್ತು, ನಿಮ್ಮನ್ನು ಗುಂಪಿಗೆ ಸೇರಿಸುವವರು, ಎಲ್ಲ ಅಲ್ಲೇ ಉಂಟು. 'ಎವ್ರಿವನ್' ಅಂದರೆ ಊರೆಲ್ಲ. 'ಮೈ ಕಾಂಟ್ಯಾಕ್ಟ್ಸ್' ಅಂದರೆ ನೀವು ಹೆಸರು ಬರೆದಿಟ್ಟವರು ಮಾತ್ರ. ಎರಡನೆಯದು ಸಾಕು. ಫೋನಿನ ಮಾತು ಬ್ಯಾಕಪ್ ಆಗುವಾಗ ಅದಕ್ಕೂ ಬೇರೆ ಬೀಗ ಹಾಕಬಹುದು, 2021ರಿಂದ ಆ ಸೌಲಭ್ಯ ಬಂದಿದೆ. ಆದರೆ ಆ ಪಾಸ್‌ವರ್ಡ್ ಮರೆತರೆ ಕಂಪೆನಿಯವರಿಗೂ ತೆರೆಯಲಿಕ್ಕಾಗದು. ಹಾಗಾಗಿ ಮೊದಲು ಪಿನ್ ಅಭ್ಯಾಸವಾಗಲಿ.

ಪಿನ್ ಮರೆಯದ ಹಾಗೆ ವಾಟ್ಸಾಪೇ ಆಗಾಗ ಅದನ್ನು ಕೇಳುತ್ತದೆ, ಗಾಬರಿಯಾಗಬೇಡಿ. ಬರೆದಿಡುವುದಾದರೆ ಫೋನಿನ ಕವರಿನೊಳಗೆ ಇಡಬೇಡಿ. ರೇಶನ್ ಕಾರ್ಡ್ ಇಡುವ ಪೆಟ್ಟಿಗೆಯಲ್ಲಿ ಇಡಿ. ಮುಂದಿನ ತರಗತಿಗೆ ಫೋನ್ ಚಾರ್ಜ್ ಮಾಡಿ ತನ್ನಿ, ಒಟ್ಟಿಗೆ ಕೂತು ಹಾಕುವ. ಒತ್ತುವವರು ಮಾತ್ರ ನೀವೇ. ನಾನು ಆಚೆ ತಿರುಗಿ ಕೂರುತ್ತೇನೆ.