ನೆಲದ ಮೇಲೊಂದು ಬಾಹ್ಯಾಕಾಶ



ಐಸು ಹಾಕಿದ ನೀರಿನ ಚೆಂಬಿನ ಹೊರಮೈ ಒದ್ದೆಯಾಗುವುದನ್ನು ನೀವು ನೋಡಿಯೇ ಇದ್ದೀರಿ. ಚೆಂಬು ಸೋರಿದ್ದಲ್ಲ, ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗಿ ಅಂಟಿಕೊಂಡದ್ದು. ಇದೇ ಉಪಾಯದಿಂದ ವಿಜ್ಞಾನಿಗಳು ನೆಲದ ಮೇಲೆಯೇ ಬಾಹ್ಯಾಕಾಶವನ್ನು ಸೃಷ್ಟಿಸಿಕೊಳ್ಳುತ್ತಾರೆ ಎಂದರೆ ನಂಬುವಿರಾ?

ಉಪಗ್ರಹಕ್ಕೆ ಚಿಕ್ಕ ಚಿಕ್ಕ ರಾಕೆಟ್ ಎಂಜಿನುಗಳಿರುತ್ತವೆ. ಅದು ದಾರಿ ತಪ್ಪದಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಇಲ್ಲಿ ನಮ್ಮ ಸುತ್ತಲಿನ ಗಾಳಿ ಎಂಜಿನಿನ ಅನಿಲವನ್ನು ಒತ್ತಿ ಹಿಡಿಯುತ್ತದೆ. ಮೇಲೆ ಒತ್ತಲು ಗಾಳಿಯೇ ಇಲ್ಲ. ಅನಿಲ ಕೊಡೆ ಬಿಚ್ಚಿದಂತೆ ಹರಡಿ ಸೌರಫಲಕಕ್ಕೆ ಬಡಿಯಬಹುದು, ಅದನ್ನು ಕಾಯಿಸಬಹುದು, ಉಪಗ್ರಹವನ್ನೇ ಓರೆಗೆ ತಳ್ಳಬಹುದು. ಹಾರಿಹೋದದ್ದನ್ನು ಮರಳಿ ತಂದು ರಿಪೇರಿ ಮಾಡುವುದು ಸುಲಭವಲ್ಲ. ಪರೀಕ್ಷೆ ಇಲ್ಲಿಯೇ ಆಗಬೇಕು.

ಗಾಳಿ ತೆಗೆದ ಕೋಣೆಯಲ್ಲಿ ಎಂಜಿನ್ ನಡೆಸಿದರಾಯಿತಲ್ಲ ಎನ್ನುತ್ತೀರಿ. ತೊಡಕು ಅಲ್ಲಿಯೇ ಇದೆ. ಎಂಜಿನ್ ಶುರುವಾದ ಕ್ಷಣವೇ ಅದರ ಅನಿಲ ಕೋಣೆಯನ್ನು ತುಂಬುತ್ತದೆ. ಅಷ್ಟು ಬೇಗ ಅದನ್ನು ಹೊರಗೆಳೆಯುವುದು ಮಾಮೂಲಿ ಪಂಪಿನಿಂದ ಆಗದು.

ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಇದಕ್ಕೊಂದು ಪರಿಹಾರವಿದೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್, ಸುಮಾರು 5 ಮೀಟರ್ ಉದ್ದದ ಕೊಳವೆಯಂಥ ಕೋಣೆಯ ಒಳಗೋಡೆಯನ್ನು ದ್ರವ ಹೀಲಿಯಮ್ಮಿನಿಂದ ತಣಿಸುತ್ತದೆ. ಗೋಡೆಯ ಚಳಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ! ಎಂಜಿನಿನ ಅನಿಲ ಗೋಡೆಗೆ ತಗುಲಿದೊಡನೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಕೋಣೆ ಖಾಲಿಯಾಗಿಯೇ ಉಳಿಯುತ್ತದೆ.

ಅಷ್ಟೊಂದು ಚಳಿ ಏಕೆ? ಹೈಡ್ರಜಿನ್ ಎಂಬ ಇಂಧನದ ಎಂಜಿನಿನಿಂದ ಅಮೋನಿಯಾ, ನೈಟ್ರೋಜನ್, ಹೈಡ್ರೋಜನ್ ಹೊರಬರುತ್ತವೆ. ಅಮೋನಿಯಾವನ್ನು ಹಿಡಿಯಲು ದ್ರವ ನೈಟ್ರೋಜನ್ನಿನ 196 ಡಿಗ್ರಿಯ ಚಳಿ ಸಾಕು. ಹೈಡ್ರೋಜನ್ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಹೀಲಿಯಮ್ಮೇ ಬೇಕು. ಪರೀಕ್ಷೆ ಮುಗಿದ ಮೇಲೆ ಗೋಡೆಯನ್ನು ಬೆಚ್ಚಗಾಗಿಸಿದರೆ ಹೆಪ್ಪು ಕರಗಿ ಅನಿಲವಾಗುತ್ತದೆ. ಆಗ ನಿಧಾನವಾಗಿ ಪಂಪಿನಿಂದ ಹೊರತೆಗೆಯಬಹುದು.

ದೊಡ್ಡ ಎಂಜಿನಿನ ಅನಿಲಕ್ಕೆ ಇಂಥ ಗೋಡೆ ಸಾಲದು, ಅದನ್ನು ಹೊರಗೆಳೆಯಲು ಬೇರೆ ಏರ್ಪಾಡು ಬೇಕು. ಆದರೂ ಪರೀಕ್ಷೆ ತಪ್ಪದು. 2010ರ ಏಪ್ರಿಲ್ 15ರಂದು ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ ರಾಕೆಟ್ ವಿಫಲವಾಯಿತು. 2013ರಲ್ಲಿ ಇಸ್ರೋದವರು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ, ಗಾಳಿಯಿಲ್ಲದ ಸ್ಥಿತಿಯಲ್ಲಿ ಅಂಥ ಎಂಜಿನನ್ನು ಹೊತ್ತಿಸಿ ನೋಡಿದರು. 2014ರ ಜನವರಿ 5ರಂದು ರಾಕೆಟ್ ಗುರಿ ಮುಟ್ಟಿತು.

ಇನ್ನು ಚೆಂಬಿನ ಮೇಲೆ ಹನಿ ಕಂಡಾಗ, ಈ ಚಳಿಯ ಗೋಡೆಯನ್ನೂ ಒಮ್ಮೆ ನೆನೆದುಕೊಳ್ಳಿ.